ಹಾವೇರಿಯಿಂದ ಕುಮಾರಪರ್ವತ: ಷಷ್ಠಿಗೆ ಹೋದರೆ ಹೇಗೆ?

ಹಾವೇರಿ ಹುಡುಗ:
ನಾನು, ಇಬ್ಬರು ಗೆಳೆಯರು, ಜೊತೆಗೆ ನಮ್ಮ ಕಾಕಾ. ಕಾಕಾಗೆ 54. ಹೊಲದಲ್ಲಿ ದುಡಿದ ಗಟ್ಟಿ ಜೀವ, ಆದರೆ ಇಳಿಯುವಾಗ ಮೊಣಕಾಲು ನೋಯುತ್ತದೆ. ಕುಕ್ಕೆಯಲ್ಲಿ ಚಂಪಾ ಷಷ್ಠಿ ಮುಗಿಸಿ ಮರುದಿನ ಬೆಟ್ಟ ಹತ್ತಬೇಕು, ರಾತ್ರಿ ತುದಿಯಲ್ಲೇ ಟೆಂಟ್ ಹಾಕಬೇಕು ಅಂತ ಅವರ ಆಸೆ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ತಯಾರಿಗೆ ಕಪ್ಪತಗುಡ್ಡ ಹತ್ತಿದರೆ ಸಾಕಾ?

ಉಣಕಲ್ಲಿನವ:
ಷಷ್ಠಿ ಬಿಡಿ ತಮ್ಮಾ. ಆಗ ಕುಕ್ಕೆಯಲ್ಲಿ ರೂಮು ಸಿಗೋದೇ ಕಷ್ಟ. ಜಾತ್ರೆ ಮುಗಿದ ಮೇಲೆ, ಶನಿವಾರ ಭಾನುವಾರ ಬಿಟ್ಟು ಹೋಗಿ. ಜನವರಿ ದಾಟಿಸಬೇಡಿ. ಹುಲ್ಲು ಒಣಗಿತೆಂದರೆ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಸಿಕ್ಕಾಪಟ್ಟೆ ಜನ ಸೇರಿದ್ದರಲ್ಲ, ಆಮೇಲೆ ಬಂದ ನಿಯಮ. ತುದಿಯಲ್ಲಿ ಟೆಂಟ್‌ಗೆ ಬಿಡೋದಿಲ್ಲ.

ಈಗ ಕಾಕಾ ವಿಚಾರ. ಬೆಟ್ಟದ ಎತ್ತರ 1712 ಮೀಟರ್. ಹಾವೇರಿ 500 ಮೀಟರ್‌ಗಿಂತ ಮೇಲಿದೆ, ಆದರೆ ಕುಕ್ಕೆ ಇರೋದು ಘಟ್ಟದ ಬುಡದಲ್ಲಿ, ನೂರು ಚಿಲ್ಲರೆ ಮೀಟರ್ ಅಷ್ಟೇ. ಮಂಗಳೂರು ರೈಲು ನಿಮ್ಮನ್ನು ನಿದ್ದೆಯಲ್ಲೇ ಘಟ್ಟ ಇಳಿಸಿರುತ್ತದೆ, ಅದನ್ನೂ ಸೇರಿಸಿ ಹತ್ತಬೇಕು! ಹತ್ತೋದಕ್ಕಿಂತ ಇಳಿಯೋದು ದೊಡ್ಡ ಕೆಲಸ. ಕುಕ್ಕೆ ದಾರಿಯಲ್ಲಿ ತುದಿಗಿಂತ ಮೊದಲು ಸಿಗೋ ಶೇಷಪರ್ವತ ದಾಟಿದ ಮೇಲೆ ದಟ್ಟ ಕಾಡು, ಆಮೇಲೆ ಕಡಿದಾದ ಬಂಡೆ. ಅದರ ಮೇಲೆ ನೀರು ಜಿನುಗುತ್ತಿರುತ್ತದೆ, ಪಾಚಿ ಬೇರೆ. ಬೇರು ಹಿಡಿದು, ಕಾಲಿಡುವ ಜಾಗ ನೋಡಿಕೊಂಡು ಹತ್ತಬೇಕು. ವಾಪಸ್ ಬರುವಾಗ ಅದೇ ಬಂಡೆ ಮೇಲೆ ಕಾಕಾನ ಮೊಣಕಾಲಿಗೆ ಪರೀಕ್ಷೆ. ಹಾಗಾಗಿ ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಹತ್ತಿ. ಹೆಚ್ಚೂಕಡಿಮೆ ಅರ್ಧ ದೂರ ಉಳಿಯುತ್ತದೆ.

ಕಪ್ಪತಗುಡ್ಡ ಒಳ್ಳೇದೇ, ಆದರೆ ನೀರಿನ ಚೀಲ ಹೊತ್ತು ಹತ್ತಿ. ಇಳಿಯೋದನ್ನೂ ರೂಢಿ ಮಾಡಿ. ಖಡಕ್ ರೊಟ್ಟಿ ಒಣಗಿದ್ದಷ್ಟೂ ನೀರು ಕೇಳುತ್ತದೆ. ಮೆತ್ತನೆ ಚಪಾತಿ ಒಯ್ಯಿರಿ.

ಧಾರವಾಡದಾಕಿ:
ಅಣ್ಣಾ, ಬೀದಹಳ್ಳಿ ಅಂದ್ರೆ ಬೆಟ್ಟದ ನಡುದಾರಿಯ ಭಟ್ಟರ ಮನೆ ಊಟ ತಪ್ಪಿತಲ್ಲ! ಕುಕ್ಕೆ ದಾರಿಯ ಮಜಾನೇ ಅದು. ಯಾವ ದಾರಿಯಾದ್ರೂ ಜಿಗಣೆಗೆ ಉಪ್ಪು, ಸುಣ್ಣ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರ್ ಬೇಡ, ಬುತ್ತಿ ಬಟ್ಟೆಯಲ್ಲಿ ಕಟ್ಟಿ.

ಹಾವೇರಿ ಹುಡುಗ:
ಕಾಕಾಗೆ ಓದಿ ಹೇಳಿದೆ. ಬೀದಹಳ್ಳಿಗೆ ಒಪ್ಪಿದ್ದಾರೆ, ಚಪಾತಿಗೆ ಒಪ್ಪಿಲ್ಲ. ಸೋಮವಾರಪೇಟೆಗೆ ಹೇಗೆ ಹೋಗೋದು?

ಉಣಕಲ್ಲಿನವ:
ಅದೇ ರೈಲಿನಲ್ಲಿ ಹಾಸನಕ್ಕೆ ಇಳಿಯಿರಿ. ಹೊತ್ತಲ್ಲದ ಹೊತ್ತು, ಬೆಳಗಿನ ತನಕ ಸ್ಟೇಷನ್‌ನಲ್ಲೇ ಕೂತು ಬಸ್ ಹಿಡಿಯಿರಿ. ಆ ದಿನ ಸೋಮವಾರಪೇಟೆಯಲ್ಲೇ ಉಳಿದು ಮರುದಿನ ಬೆಳಿಗ್ಗೆ ಬೇಗ ಹತ್ತಿ. ರೊಟ್ಟಿ ಬೇಕೇ ಬೇಕಂದ್ರೆ ಕಾಕಾನ ಚೀಲದಲ್ಲಿ ಇನ್ನೊಂದು ಬಾಟಲಿ ನೀರು ಇಡಿ.