ಸಹಾಯ ಬೇಕು: ಸೈಕಲ್ ಸವಾರರ ಜಾಕೆಟ್ಟಿಗೆ ಇಂಡಿಕೇಟರ್ ಹೊಲಿಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮುಸ್ಸಂಜೆಯಲ್ಲಿ ಕೈ ಚಾಚಿ ತಿರುವು ತೋರಿಸಿದರೆ ಹಿಂದಿನ ವಾಹನದವರಿಗೆ ಸರಿಯಾಗಿ ಕಾಣುವುದಿಲ್ಲ, ಹದಗೆಟ್ಟ ರಸ್ತೆಯಲ್ಲಿ ಹ್ಯಾಂಡಲ್‌ನಿಂದ ಕೈ ತೆಗೆಯುವುದೂ ಅಪಾಯಕರ. ಆದ್ದರಿಂದ ದಿನವೂ ಸೈಕಲ್‌ನಲ್ಲಿ ಓಡಾಡುವ ನನ್ನ ತಂಗಿಗಾಗಿ ಜಾಕೆಟ್ಟಿನ ಬೆನ್ನಿಗೆ ಇಂಡಿಕೇಟರ್ ಹೊಲಿಯುತ್ತಿದ್ದೇನೆ. ಲಿಯಾ ಬ್ಯೂಕ್ಲಿಯವರು ಬಟ್ಟೆಗೆಂದೇ ರೂಪಿಸಿದ, 2007ರಲ್ಲಿ ಮಾರುಕಟ್ಟೆಗೆ ಬಂದ ಲಿಲಿಪ್ಯಾಡ್ ಆರ್ಡುಯಿನೊ ಬೋರ್ಡನ್ನು (ದೀಪಗಳನ್ನು ನಿಯಂತ್ರಿಸಲು ಪ್ರೋಗ್ರಾಂ ಮಾಡಬಹುದಾದ, ಬಟ್ಟೆಗೆ ಹೊಲಿಯಬಹುದಾದ ಸಣ್ಣ ಸರ್ಕ್ಯೂಟ್ ಬೋರ್ಡ್) 3.7 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿಯೊಂದಿಗೆ ಬಳಸಿದ್ದೇನೆ. ಸವಾರರಿಗೆ ತಮ್ಮ ಬೆನ್ನು ಕಾಣದ ಕಾರಣ, ದೀಪ ಉರಿಯುತ್ತಿದೆಯೆಂದು ತಿಳಿಸಲು ಮಣಿಕಟ್ಟಿನ ಸ್ವಿಚ್ಚಿನ ಪಕ್ಕದಲ್ಲೂ ಒಂದು ಸಣ್ಣ ಎಲ್‌ಇಡಿ ಇದೆ. ಇದು ಅತ್ಯಗತ್ಯವೆಂದು ನನ್ನ ಅಭಿಪ್ರಾಯ.

ತೊಂದರೆಯಿರುವುದು ದೀಪಗಳನ್ನು ಬೋರ್ಡಿಗೆ ಜೋಡಿಸಲು ತಂತಿಯ ಬದಲು ಹೊಲಿದ ದಾರದಲ್ಲಿ. ವಿದ್ಯುತ್ ಹರಿಯುವ ಸ್ಟೀಲ್ ದಾರಕ್ಕೆ ತಾಮ್ರದ ತಂತಿಗಿಂತ ರೋಧ ಬಹಳ ಹೆಚ್ಚಾದ್ದರಿಂದ, ಒಂದೇ ಸಾಲಿನಲ್ಲಿ ಸಮಾಂತರವಾಗಿ ಜೋಡಿಸಿದ ಎಲ್‌ಇಡಿಗಳಲ್ಲಿ ಬೋರ್ಡಿಗೆ ಹತ್ತಿರವಿರುವುದು ಪ್ರಕಾಶಮಾನವಾಗಿಯೂ ಭುಜದ ಬಳಿಯದು ತೀರಾ ಮಂಕಾಗಿಯೂ ಉರಿಯುತ್ತವೆ. ಪ್ರತಿ ದೀಪಕ್ಕೂ ಪ್ರತ್ಯೇಕ ದಾರ ಎಳೆಯಬೇಕೇ, ಅಥವಾ ಮುಖ್ಯ ಸಾಲಿಗೆ ಸಿಲಿಕೋನ್ ಹೊದಿಕೆಯ ಮೆದು ತಂತಿಯನ್ನು ಹೊಲಿಗೆಯೊಳಗೆ ಹಾಯಿಸುವುದು ಒಳ್ಳೆಯದೇ? ಇದಲ್ಲದೆ, ಮುಂದಕ್ಕೆ ಬಾಗಿ ಪೆಡಲ್ ತುಳಿಯುವಾಗ ಬಟ್ಟೆ ಮಡಿಚಿ ಪ್ಲಸ್ ಮತ್ತು ಮೈನಸ್ ದಾರಗಳು ಒಂದಕ್ಕೊಂದು ತಾಗಿ ಬೋರ್ಡ್ ಆಫ್ ಆಗುತ್ತದೆ. ಎರಡರ ನಡುವೆ ಲೈನಿಂಗ್ ಕೊಟ್ಟರೆ ಸಾಕೇ, ಅಥವಾ ದಾರದ ಮೇಲೆ ಬಟ್ಟೆಯ ಅಂಟು ಸವರಬೇಕೇ?

ಒಗೆಯುವ ಮುನ್ನ ಬೋರ್ಡ್ ಮತ್ತು ಬ್ಯಾಟರಿಯನ್ನು ಬಿಚ್ಚಲು ಲೋಹದ ಟಿಚ್ ಬಟನ್‌ಗಳನ್ನೇ ವಿದ್ಯುತ್ ಸಂಪರ್ಕವಾಗಿ ಬಳಸುವ ಯೋಚನೆಯಿದೆ. ಬೆವರು ಮತ್ತು ಮಳೆಗೆ ಅವು ತುಕ್ಕು ಹಿಡಿಯದಂತೆ ನೋಡಿಕೊಂಡ ಅನುಭವ ಯಾರಿಗಾದರೂ ಇದ್ದರೆ, ಯಾವ ಲೋಹದ ಬಟನ್ ಬಾಳಿಕೆ ಬಂತೆಂದು ದಯವಿಟ್ಟು ತಿಳಿಸಿ.