ಲಕ್ವ ಹೊಡೆದವರಿಗೆ ಅರಿಶಿನದ ಕ್ಯಾಪ್ಸೂಲ್ ಕೊಡಬಹುದಾ?

ಪ್ರಶ್ನೆ (ಸಿಂಧನೂರು): ಡಾಕ್ಟ್ರೇ, ನಮ್ಮ ತಂದೆಗೆ 64 ವರ್ಷ. ಹನ್ನೆರಡು ದಿನದ ಹಿಂದೆ ಎಡಗೈ, ಎಡಗಾಲಿಗೆ ಲಕ್ವ ಹೊಡೆಯಿತು. ರಕ್ತ ಹೆಪ್ಪುಗಟ್ಟಿ ಆಗಿದ್ದು ಅಂದರು. ಈಗ ಮನೆಗೆ ಕರೆತಂದಿದ್ದೇವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಬಿಪಿ ಮಾತ್ರೆ ನಡೀತಿವೆ. ನಡುವೆ ಒಮ್ಮೆ ಫಿಟ್ಸ್ ಬಂದಿದ್ದರಿಂದ ಫೆನಿಟಾಯಿನ್ ಕೂಡ ಇದೆ. ಅರಿಶಿನದ ಕರ್ಕ್ಯುಮಿನ್ ಮೆದುಳನ್ನು ಮತ್ತೆ ಬದುಕಿಸುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ಅಣ್ಣ ರಾಯಚೂರಿನಿಂದ ಕ್ಯಾಪ್ಸೂಲ್ ಡಬ್ಬಿ ತಂದಿದ್ದಾನೆ. ಕೊಡಬಹುದಾ?

ಉತ್ತರ: ಬೇಡ. ಡಬ್ಬಿ ಕಪಾಟಿನಲ್ಲೇ ಇರಲಿ. ಕಾರಣ ಹೇಳ್ತೀನಿ.

ನೀವು ಸಿಂಧನೂರಿನವರು, ಕಾಲುವೆ ನೀರು ನಿಂತರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಕೆಲವು ಮಡಿ ಪೂರ್ತಿ ಒಣಗುತ್ತವೆ. ಅವುಗಳ ಸುತ್ತ ಪೈರು ಬಾಡಿರುತ್ತದೆ, ಆದರೆ ಜೀವ ಇರುತ್ತದೆ. ಬೇಗ ನೀರು ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಮೆದುಳಿನ ರಕ್ತನಾಳ ಕಟ್ಟಿಕೊಂಡಾಗಲೂ ಹೀಗೇ. ನಾವು ಓಡಾಡುವುದು ಆ ಬಾಡಿದ ಭಾಗವನ್ನು ಉಳಿಸಲು. ಚಿಕಿತ್ಸೆ ಸಿಗದಿದ್ದರೆ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ.

ಕರ್ಕ್ಯುಮಿನ್ ಪರೀಕ್ಷೆ ಹೆಚ್ಚಾಗಿ ನಡೆದಿರುವುದು ಇಲಿಗಳ ಮೇಲೆ. ಕತ್ತಿನ ರಕ್ತನಾಳದೊಳಗೆ ತೆಳ್ಳಗಿನ ನೈಲಾನ್ ದಾರ ತೂರಿಸಿ ಮೆದುಳಿಗೆ ರಕ್ತ ನಿಲ್ಲಿಸುತ್ತಾರೆ. ಒಂದೆರಡು ಗಂಟೆ ಬಿಟ್ಟು ದಾರ ಎಳೆಯುತ್ತಾರೆ. ಔಷಧಿಯನ್ನು ಹೆಚ್ಚಾಗಿ ಅದೇ ಹೊತ್ತಿನಲ್ಲಿ, ಕೆಲವೊಮ್ಮೆ ಮೊದಲೇ ಕೊಟ್ಟಿರುತ್ತಾರೆ. ಹಾಗೆ ಕೊಟ್ಟಾಗ ಊತ ಇಳಿದಿದೆ, ಸತ್ತ ಭಾಗ ಚಿಕ್ಕದಾಗಿದೆ. ಅದು ನಿಜ. ಆದರೆ ನಿಮ್ಮ ತಂದೆಗೆ ಹನ್ನೆರಡು ದಿನ ಆಗಿದೆ, ಅಲ್ವಾ? ಒಣಗಿದ ಮಡಿಗೆ ಈಗ ಏನು ಹಾಕಿದರೂ ಹಸಿರಾಗುವುದಿಲ್ಲ.

ಇನ್ನೊಂದು ತೊಡಕು. ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಕಡಿಮೆ. ಅದಕ್ಕೇ ಕ್ಯಾಪ್ಸೂಲಿನಲ್ಲಿ ಕಾಳುಮೆಣಸಿನ ಪೈಪರಿನ್ ಸೇರಿಸುತ್ತಾರೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 20 ಮಿಲಿಗ್ರಾಂ ಪೈಪರಿನ್ ಜೊತೆ ಕೊಟ್ಟು, ಮನುಷ್ಯರ ರಕ್ತಕ್ಕೆ ಸೇರುವ ಪ್ರಮಾಣ ಶೇಕಡಾ 2000ರಷ್ಟು ಹೆಚ್ಚಿದ್ದನ್ನು ತೋರಿಸಿದರು. ಆದರೆ ಪೈಪರಿನ್ ಫೆನಿಟಾಯಿನನ್ನೂ ರಕ್ತದಲ್ಲಿ ಏರಿಸುತ್ತದೆ. ಅದು ಜಾಸ್ತಿಯಾದರೆ ತಲೆ ತಿರುಗುತ್ತದೆ, ನಡೆಯುವಾಗ ತೂರಾಡುತ್ತಾರೆ. ಈಗಷ್ಟೇ ಎದ್ದು ನಿಲ್ಲಲು ಕಲಿಯುತ್ತಿರುವವರು ಬಿದ್ದರೆ? ಜೊತೆಗೆ ರಕ್ತ ತೆಳುವಾಗಿಸುವ ಎರಡು ಮಾತ್ರೆ ಇವೆ. ಅದರ ಮೇಲೆ ಕರ್ಕ್ಯುಮಿನ್ ಜಾಸ್ತಿ ಹೋದರೆ ರಕ್ತಸ್ರಾವದ ಭಯ.

ಸಾರಿಗೆ ಹಾಕುವ ಅರಿಶಿನ ಬಿಡಬೇಕಿಲ್ಲ. ಅದು ಚಿಟಿಕೆ ಲೆಕ್ಕ.

ಪ್ರಶ್ನೆ (ಗಂಗಾವತಿ): ಹಾಗಾದ್ರೆ ಗಿಡದ ಔಷಧಿ ಎಲ್ಲಾ ಸುಮ್ನೆನಾ ಸರ್?

ಉತ್ತರ: ಖಂಡಿತ ಅಲ್ಲ. ಸೆಲರಿ ಬೀಜದಲ್ಲಿ ಮೊದಲು ಸಿಕ್ಕ ಬ್ಯುಟೈಲ್‌ಥಲೈಡ್ ಅನ್ನೋ ಲಕ್ವದ ಔಷಧಿಗೆ ಚೀನಾ 2002ರಲ್ಲೇ ಒಪ್ಪಿಗೆ ಕೊಟ್ಟಿದೆ. 2023ರಲ್ಲಿ ಅಲ್ಲಿನ 1,216 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂತು. ಎಲ್ಲರಿಗೂ ಹೆಪ್ಪು ಕರಗಿಸುವ ಅಥವಾ ತೆಗೆಯುವ ಚಿಕಿತ್ಸೆ ಆಗಿತ್ತು. ಅದರ ಜೊತೆ, ಲಕ್ವ ಹೊಡೆದ ಆರು ಗಂಟೆಯೊಳಗೆ ಇದನ್ನು ಶುರು ಮಾಡಿದ್ದರು. 90 ದಿನದ ನಂತರ ಚೆನ್ನಾಗಿ ಚೇತರಿಸಿಕೊಂಡವರು ನೂರಕ್ಕೆ ಸುಮಾರು 57. ಔಷಧಿ ಇಲ್ಲದ ಗುಂಪಿನಲ್ಲಿ 44. ನನಗೆ ಇದು ಆಸೆ ಹುಟ್ಟಿಸಿದೆ. ಬೇರೆ ದೇಶಗಳಲ್ಲೂ ಇದೇ ಫಲ ಬರಬೇಕು. ಯಾಕೆಂದರೆ 2006ರಲ್ಲಿ ಲೆಕ್ಕ ಹಾಕಿದಾಗ, ಲಕ್ವಕ್ಕೆ ಪ್ರಯೋಗ ಮಾಡಿದ್ದ ಚಿಕಿತ್ಸೆಗಳು 1,026 ಇದ್ದವು. ಪ್ರಾಣಿಗಳಲ್ಲಿ ಗೆದ್ದ ಎಷ್ಟೋ ಔಷಧಿ ಮನುಷ್ಯರಲ್ಲಿ ಸೋತಿವೆ. ಹಾಂ, ಅಂಗಡಿಯ ಸೆಲರಿ ಪುಡಿ ಆ ಔಷಧಿ ಅಲ್ಲ.

ಪ್ರಶ್ನೆ (ಸಿರುಗುಪ್ಪ): ನಮ್ಮ ಕಡೆ ಮೊದಲು ಪಾರಿವಾಳದ ರಕ್ತ ಹಚ್ಚಿ ತಿಕ್ಕುತ್ತಾರೆ. ಆಮೇಲೆ ಆಸ್ಪತ್ರೆ.

ಉತ್ತರ: ಇದನ್ನು ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಒಬ್ಬ ತಾಯಿಯನ್ನು ನಸುಕಿನಲ್ಲಿ ಕರೆತಂದರು. ತೋಳಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಬಾಯಿ ಸೊಟ್ಟಗಾಗಿದ್ದು ಹಿಂದಿನ ದಿನ ಮಧ್ಯಾಹ್ನ, ಊಟಕ್ಕೆ ಕೂತಾಗ. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದು ಮನೆಯಲ್ಲೇ ಕಳೆದಿತ್ತು. ಬಾಯಿ ವಾರೆ, ಕೈ ಸೋಲು, ಮಾತು ತೊದಲು, ಮೂರರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೋಗಿ. ಹೆಪ್ಪೋ, ರಕ್ತಸ್ರಾವವೋ ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ. ಹಾಗಾಗಿ ಮನೆಯಲ್ಲಿ ಆಸ್ಪಿರಿನ್ ಕೂಡ ಕೊಡಬೇಡಿ.

ಪ್ರಶ್ನೆ (ಸಿಂಧನೂರು): ಥ್ಯಾಂಕ್ಸ್ ಡಾಕ್ಟ್ರೇ. ಹಾಗಾದ್ರೆ ಅಪ್ಪನಿಗೆ ಈಗ ಏನು ಮಾಡಲಿ? ನಿನ್ನೆ ಎಡಗೈ ಹೆಬ್ಬೆರಳು ಸ್ವಲ್ಪ ಅಲ್ಲಾಡಿತು.

ಉತ್ತರ: ಒಳ್ಳೆಯ ಸುದ್ದಿ! ಮೊದಲ ಮೂರು ತಿಂಗಳಲ್ಲೇ ಚೇತರಿಕೆ ಜಾಸ್ತಿ, ಫಿಸಿಯೋಥೆರಪಿ ಒಂದು ದಿನವೂ ತಪ್ಪಿಸಬೇಡಿ. ಚಹಾದ ಲೋಟ, ಟವೆಲ್, ಅವರ ದಿನದ ವಸ್ತುಗಳನ್ನೇ ಎಡಗೈಗೆ ಕೊಟ್ಟು ಹಿಡಿಸಿ. ನೀರು ಕುಡಿಯುವಾಗ ಕೆಮ್ಮು ಬರುತ್ತದೆಯಾ ನೋಡಿ. ಬಂದರೆ ಅವತ್ತೇ ಡಾಕ್ಟರಿಗೆ ಹೇಳಿ. ಈ ವಾರದ ಬಿಪಿ ಬೆಳಿಗ್ಗೆ, ಸಂಜೆ ಬರೆದಿಟ್ಟು ಇಲ್ಲೇ ಹಾಕಿ, ನೋಡ್ತೀನಿ.