ಫ್ಲೇವರ್ ಎಂಬುದಕ್ಕೆ ‘ಸೊಗಡು’ ಒಗ್ಗೀತೇ?

ಎಲ್ಲರಿಗೂ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ ಕಡೆಯ ಕೆಲವು ಸಣ್ಣ ಬೆಳೆಗಾರರು ತಮ್ಮ ತೋಟದ ಕಾಫಿಯನ್ನು ತಾವೇ ಕುಡಿದು ಅಳೆಯುವುದನ್ನು ಕಲಿಯುತ್ತಿದ್ದಾರೆ. ಅವರಿಗಾಗಿ ಕಪ್ಪಿಂಗ್ ಹಾಳೆಯನ್ನು, ಎಂದರೆ ಕಾಫಿಯನ್ನು ಮೂಸಿ ಹೀರಿ ಅಂಕ ಹಾಕುವ ಹಾಳೆಯನ್ನು, ಕನ್ನಡಕ್ಕೆ ತರುತ್ತಿದ್ದೇನೆ. ಬಹುಕಾಲದಿಂದ ಬಳಕೆಯಲ್ಲಿರುವ ನೂರು ಅಂಕದ ಹಾಳೆ ಅದು. ಹತ್ತು ಕಾಲಂ, ಒಂದೊಂದಕ್ಕೂ ಹತ್ತು ಅಂಕ, 80 ಮುಟ್ಟಿದರೆ ಸ್ಪೆಷಾಲಿಟಿ ಕಾಫಿ, ಎಂದರೆ ಮೇಲ್ದರ್ಜೆಯದು. ಅಸಿಡಿಟಿಗೆ ಹುಳಿ, ಬಾಯಲ್ಲಿ ಅನಿಸುವ ದಪ್ಪವಾದ ‘ಬಾಡಿ’ ಎಂಬುದಕ್ಕೆ ಮೈ, ಸ್ವೀಟ್‌ನೆಸ್‌ಗೆ ಸಿಹಿ ಎಂದು ಬರೆದುಕೊಂಡು ಹೋದೆ. ಫ್ಲೇವರ್ ಬಂದಾಗ ಕೈ ನಿಂತಿತು.

ಈ ಹಾಳೆಯಲ್ಲಿ ಫ್ರೇಗ್ರೆನ್ಸ್, ಅರೋಮಾ, ಫ್ಲೇವರ್ ಮೂರೂ ಬೇರೆ ಬೇರೆ. ಒಣ ಪುಡಿಯ ಮೇಲೆ ಮೂಗಿಟ್ಟಾಗ ಸಿಗುವುದು ಮೊದಲನೆಯದು. ಬಿಸಿನೀರು ಹೊಯ್ದು, ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದಾಗ ಏಳುವುದು ಎರಡನೆಯದು. ಸೊರ್ರನೆ ಹೀರಿದಾಗ ಬಾಯಿ ಮೂಗು ಎರಡನ್ನೂ ಒಟ್ಟಿಗೆ ತುಂಬುವುದು ಮೂರನೆಯದು. ಮೊದಲ ಎರಡಕ್ಕೆ ಪರಿಮಳ, ಘಮ ಎಂದಿಟ್ಟುಕೊಂಡಿದ್ದೇನೆ. ಮೂರನೆಯದಕ್ಕೆ ‘ರುಚಿ’ ಎಂದು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ರುಚಿ ನಾಲಿಗೆಯದು. ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಜಪಾನಿನ ಕಿಕುನೆ ಇಕೆಡಾ 1908ರಲ್ಲಿ ಹೆಸರಿಟ್ಟ ಉಮಾಮಿ, ಇಷ್ಟೇ ಅದರ ಮೂಲ ಬಂಡವಾಳ. ನಮ್ಮ ಷಡ್ರಸದಲ್ಲಿರುವ ಖಾರ, ಒಗರುಗಳನ್ನು ಇಂದಿನ ವಿಜ್ಞಾನ ಉರಿ, ಸ್ಪರ್ಶಗಳ ಲೆಕ್ಕಕ್ಕೆ ಹಾಕುತ್ತದೆ. ಮೂಗು ಮುಚ್ಚಿಕೊಂಡು ಕಾಫಿ ಕುಡಿದು ನೋಡಿ, ಕಹಿ ಮತ್ತು ಹುಳಿ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಮೂಗು ಬಿಟ್ಟ ಕೂಡಲೇ ಗಂಟಲ ಹಿಂದಿನಿಂದ ಮೇಲೇರಿ ಬರುತ್ತದಲ್ಲ, ಅದು ಫ್ಲೇವರಿನ ದೊಡ್ಡ ಪಾಲು. ಶೀತವಾದಾಗ ‘ಬಾಯಿ ಕೆಟ್ಟಿದೆ’ ಎನ್ನುತ್ತೇವೆ, ಕೆಟ್ಟಿರುವುದು ಮೂಗು. ಫ್ಲೇವರ್ ಎಂಬ ಮಾತಿನ ಹುಟ್ಟೂ ಮೂಗಿನ ಕಡೆಯದೇ. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ವಾಸನೆ ಎಂದೇ ಅರ್ಥ. ಅದರ ಹಿಂದೆ ಲ್ಯಾಟಿನ್ನಿನ ‘ಬೀಸು, ಊದು’ ಎಂಬ ಧಾತು ಇದೆ ಎನ್ನುತ್ತಾರೆ ನಿಘಂಟುಕಾರರು.

‘ಸ್ವಾದ’ ಪುಸ್ತಕದ ಮಾತು, ಅದೂ ನಾಲಿಗೆಯದೇ. ‘ಸುವಾಸನೆ’ ಬರೀ ಮೂಗಿನದು. ಜೊತೆಗೆ ಅದು ಚೆನ್ನಾಗಿದೆ ಎಂಬ ತೀರ್ಪನ್ನೂ ಹೊತ್ತು ಬರುತ್ತದೆ. ಅಂಕ ಹಾಕುವ ಮೊದಲೇ ತೀರ್ಪು ಕೊಡುವ ಪದ ಅಳೆಯುವ ಹಾಳೆಗೆ ಆಗದು. ‘ವಾಸನೆ’ ಇದಕ್ಕೆ ತಿರುಗುಮುರುಗು. ಹಳಗನ್ನಡದಲ್ಲಿ ಒಳ್ಳೆಯ ಕಂಪಿಗೂ ಸಲ್ಲುತ್ತಿದ್ದ ‘ನಾರು’ ಈಗ ಕೆಟ್ಟದ್ದಕ್ಕಷ್ಟೇ ಉಳಿದಂತೆ, ವಾಸನೆಯೂ ಆ ದಾರಿಯಲ್ಲಿ ಅರ್ಧ ನಡೆದಿದೆ.

ಹೀಗೆ ಹುಡುಕುವಾಗ ನನ್ನ ಮನಸ್ಸು ನಿಂತದ್ದು ‘ಸೊಗಡು’ ಎಂಬಲ್ಲಿ. ಪೇಟೆಯ ಬರವಣಿಗೆಯಲ್ಲಿ ಈ ಪದ ‘ಗ್ರಾಮೀಣ ಸೊಗಡು’, ‘ಭಾಷೆಯ ಸೊಗಡು’ ಎಂಬ ಎರಡು ಮೂರು ಪಡಿಯಚ್ಚಿನಲ್ಲಿ ಸಿಕ್ಕಿಕೊಂಡು ಸೊರಗಿದೆ. ಹಾಸನದ ಸಂತೆಯಲ್ಲಿ ಅದಕ್ಕೆ ಇನ್ನೂ ಜೀವವಿದೆ. ಚಳಿ ಹಿಡಿದು ಇಬ್ಬನಿ ಬೀಳತೊಡಗಿದ ಮೇಲೆ ಬರುವ ಅವರೆಕಾಯಿಯ ಸಿಪ್ಪೆಯ ಮೇಲೊಂದು ಅಂಟುಜಿಡ್ಡು ಇರುತ್ತದೆ, ಬಿಡಿಸಿದ ಕೈಯನ್ನು ತೊಳೆದರೂ ಘಾಟು ಹೋಗದು. ಅದೇ ಸೊಗಡು. ಕೊಳ್ಳುವವರು ಕಾಯಿಯನ್ನು ಮೂಸಿ ‘ಸೊಗಡೇ ಇಲ್ವಲ್ಲಪ್ಪ’ ಎಂದು ಮುಂದೆ ಹೋಗುತ್ತಾರೆ. ವರ್ಷವಿಡೀ ಬೆಳೆಯಬಹುದಾದ ಹೆಬ್ಬಾಳ ಅವರೆಯ ಮೇಲೆ ಜನರ ದೂರು ಇದೊಂದೇ. ಸಾರು ಕುದಿಸಿ ಮುದ್ದೆಯ ಜೊತೆ ಉಂಡಾಗಲೂ ‘ಸಾರಿಗೆ ಸೊಗಡು ಬಂದಿದೆ’ ಎನ್ನುತ್ತಾರೆ. ಮೂಗಿನಲ್ಲಿ ಹುಟ್ಟಿ ಬಾಯಿಗಿಳಿದು, ಕೊನೆಗೆ ಮಾತಿನ ಗುಣಕ್ಕೂ ಹೆಸರಾದ ಇಂಥ ಪದ ಕನ್ನಡದಲ್ಲಿ ನನಗೆ ಬೇರೊಂದು ಕಾಣದು.

ಒಬ್ಬ ಹಿರಿಯ ಬೆಳೆಗಾರರು ಇದನ್ನು ಒಪ್ಪಲಿಲ್ಲ. ಅವರ ಮಾತಿನಲ್ಲಿ ತೂಕವಿದೆ: ಸೊಗಡು ಹಸಿಯದ್ದಕ್ಕೆ ಸಲ್ಲುವ ಮಾತು, ಹಸಿ ಕಾಫಿಬೀಜ ಮೂಸಿದರೆ ಹುಲ್ಲಿನ ವಾಸನೆಯಷ್ಟೆ, ಕಾಫಿಯ ಗುಣವೆಲ್ಲ ಹುರಿದ ಮೇಲೆ ಬರುವುದು. ನನ್ನ ಉತ್ತರ ಇಷ್ಟು. ಹುರಿಯುವ ಬೆಂಕಿ ಘಮವನ್ನು ಹೊರಡಿಸುತ್ತದೆ, ನಿಜ. ಆದರೆ ಗಿಡದ ತಳಿ, ಬೆಟ್ಟದ ಎತ್ತರ, ಮರದ ನೆರಳು, ಹಣ್ಣನ್ನು ಪಲ್ಪ್ ಮಾಡಿ (ಸಿಪ್ಪೆ ಬಿಡಿಸಿ) ತೊಳೆದರೋ ಚೆರಿಯಾಗಿಯೇ (ಇಡೀ ಹಣ್ಣಾಗಿಯೇ) ಒಣಗಿಸಿದರೋ ಎಂಬುದು, ಇವೆಲ್ಲ ಸೇರಿ ಬೀಜದೊಳಗೆ ಕಟ್ಟಿದ್ದೇ ಆಮೇಲೆ ಲೋಟದಲ್ಲಿ ಏಳುತ್ತದೆ. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ 2019ರಲ್ಲಿ ಪ್ರತ್ಯೇಕವಾಗಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದವು. ಒಂದೇ ಜಿಲ್ಲೆಯ ಎರಡು ಕಾಫಿಗಳನ್ನು ಬೇರೆ ಮಾಡುವ ಆ ನೆಲದ ಗುಣಕ್ಕೆ ಸೊಗಡು ಎನ್ನದೆ ಇನ್ನೇನು ಎನ್ನೋಣ?

ಹಾಗೆಂದು ಫ್ಲೇವರ್ ಬಂದಲ್ಲೆಲ್ಲ ಸೊಗಡು ತುರುಕಬಾರದು. ಬಿಸ್ಕತ್ ಪೊಟ್ಟಣದ ಮೇಲಿನ ‘ಆ್ಯಡೆಡ್ ಫ್ಲೇವರ್’ ಒಂದು ಪದಾರ್ಥ, ಬೆರೆಸಿದ ದ್ರವ್ಯ. ಅದಕ್ಕೆ ‘ಘಮದ್ರವ್ಯ’ ಸಾಕು. ವೆನಿಲಾದ ಘಮ ಕೊಡುವ ಕಾರ್ಖಾನೆಯ ವೆನಿಲಿನ್‌ಗೆ ಸೊಗಡು ಎಂದರೆ ವೆನಿಲಾ ಬೆಳೆದ ಕೊಪ್ಪ, ಶೃಂಗೇರಿಯವರಿಗೆ ಮಾಡುವ ಅನ್ಯಾಯ. ಐಸ್‌ಕ್ರೀಮಿನಲ್ಲಿ ‘ಎಷ್ಟು ಫ್ಲೇವರ್ ಇದೆ?’ ಎಂದರೆ ಎಷ್ಟು ಬಗೆ ಎಂದಷ್ಟೆ. ಭೌತವಿಜ್ಞಾನಕ್ಕೆ ಈ ಪದ ಹೋದದ್ದೂ ಅಲ್ಲಿಂದಲೇ: 1971ರಲ್ಲಿ ಭೌತವಿಜ್ಞಾನಿಗಳಾದ ಮರ್ರಿ ಗೆಲ್‌ಮನ್ ಮತ್ತು ಹೆರಾಲ್ಡ್ ಫ್ರಿಟ್ಸ್ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಐಸ್‌ಕ್ರೀಮ್ ಅಂಗಡಿಯೊಂದರಲ್ಲಿದ್ದಾಗ ಕ್ವಾರ್ಕು ಎಂಬ ಮೂಲಕಣಗಳ ಬಗೆಗಳಿಗೆ ಆ ಹೆಸರು ಹೊಳೆಯಿತು. ಕ್ವಾರ್ಕಿಗೆ ಆರು ಬಗೆ, ನ್ಯೂಟ್ರಿನೊ ಎಂಬ ಇನ್ನೊಂದು ಕಣಕ್ಕೆ ಮೂರು. ಅಲ್ಲಿಯೂ, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ಫ್ಲೇವರ್‌ಗಳಿಗೂ ‘ಬಗೆ’ ಸರಿಹೋಗುತ್ತದೆ. ‘ಫ್ಲೇವರ್ ಆಫ್ ದ ಮಂತ್’ ಎಂಬುದಕ್ಕೆ ‘ಸದ್ಯಕ್ಕೆ ಅವನದೇ ಹವಾ’ ಎಂಬ ಆಡುಮಾತೇ ಚೆಂದ.

ಬಳಗದವರಲ್ಲಿ ಕೇಳುವುದು ಎರಡು. ನಿಮ್ಮ ಕಡೆ ಸೊಗಡು ಹಸಿ ಕಾಯಿಪಲ್ಲೆಗಷ್ಟೇ ಸಲ್ಲುತ್ತದೆಯೇ, ಬೆಂದದ್ದಕ್ಕೂ ಹುರಿದದ್ದಕ್ಕೂ ಹೇಳುತ್ತೀರಾ? ಧಾರವಾಡ, ಕಲಬುರಗಿ, ಕರಾವಳಿಯವರು ದಯವಿಟ್ಟು ಬರೆಯಿರಿ. ಎರಡನೆಯದು, ‘ಸೊಗಡು ಕಡಿಮೆ’, ‘ಹಣ್ಣಿನ ಸೊಗಡು’, ‘ಮಣ್ಣುಮಣ್ಣು ಸೊಗಡು’ ಎಂದು ಹಾಳೆಯಲ್ಲಿ ಬರೆದರೆ ಓದುವವರಿಗೆ ಒಗ್ಗೀತೇ? ಇವುಗಳಲ್ಲಿ ‘ಮಣ್ಣುಮಣ್ಣು’ ಎಂಬುದನ್ನು ದೋಷದ ಸಾಲಿನಲ್ಲಿ ಬರೆಯಬೇಕಿದೆ. ಸೊಗಡು ಅಲ್ಲಿ ಹೊಗಳಿಕೆಯಂತೆ ಕೇಳಿಸುವುದಾದರೆ, ಆ ಒಂದು ಸಾಲಿಗೆ ಬೇರೆ ಪದ ಸೂಚಿಸಿ.